ಮೊದಲ ಸಾಲಿನ ಖಾಲಿ ಜಾಗ

"ನಿನ್ನೆ ಸಂಜೆ ನೀವು ನನ್ನ ಕೈ ಯಾಕೆ ಹಿಡ್ಕೊಂಡಿದ್ರಿ?"

ಅಂಗಡಿಯ ಬಾಗಿಲು ಆಗಷ್ಟೇ ತೆಗೆದಿದ್ದೆ. ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಯಾರದೋ ಬೂಟಿಗೆ ಹಿಮ್ಮಡಿ ಕೂರಿಸುತ್ತಿದ್ದೆ. ತಲೆ ಎತ್ತಿದರೆ ಅವನೇ. ಹಿಂದಿನ ಸಂಜೆಯಿಂದ ಮನಸ್ಸಿನಲ್ಲೇ ಯಾರಿಗೆ ಸಹಸ್ರನಾಮಾರ್ಚನೆ ಮಾಡುತ್ತಿದ್ದೆನೋ ಆ ಮಹಾಶಯನೇ ಬಂದು ನಿಂತಿದ್ದ. ಕ್ಷಮೆ ಕೇಳಲು ಬಂದಿರಬೇಕು ಎಂದುಕೊಂಡರೆ, ತಪ್ಪನ್ನು ನನ್ನ ತಲೆಗೇ ಕಟ್ಟುತ್ತಿದ್ದ.

ಮೊಳೆಗಳನ್ನು ಅಂಗೈಗೆ ಉಗಿದುಕೊಂಡೆ. "ಏನಂದ್ರಿ?"

"ಜಗಳಕ್ಕೆ ಬಂದಿಲ್ಲ ರೀ. ಹಿಡಿದಿದ್ದಕ್ಕೆ ಬೇಜಾರೂ ಇಲ್ಲ." ಅವನ ಕಿವಿ ಕೆಂಪಾಯಿತು. "ಲಾಂಡ್ರಿ ಗೇಟಿಂದ ಆ ಹಸಿರು ಗೇಟಿನ ಮನೆ ತನಕ ಬಿಡ್ಲೇ ಇಲ್ಲ ನೀವು. ಆಮೇಲೆ ಒಂದು ಮಾತೂ ಆಡದೆ ಒಳಗೆ ಹೋಗ್ಬಿಟ್ರಿ. ನನಗೆ ನಿದ್ದೆ ಬರ್ಲಿಲ್ಲ. ಕೇಳೇಬಿಡೋಣ ಅಂತ ಬಂದೆ."

ಬೀದಿದೀಪ ರಿಪೇರಿ ಮಾಡುವವನು. ನಮ್ಮ ಭಾಗಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ. ಸೊಂಟದ ಬೆಲ್ಟಿನಲ್ಲಿ ಇಕ್ಕಳ, ಟೆಸ್ಟರ್, ಟೇಪಿನ ಸುರುಳಿ. ತಲೆಗೂದಲಲ್ಲಿ ಯಾವುದೋ ಕಂಬದ ಜೇಡರ ಬಲೆ. ನೋಡಲು ಕೆಟ್ಟವನೇನಲ್ಲ, ಅದು ಇನ್ನೂ ಸಿಟ್ಟು ಬರಿಸಿತು.

"ನುಗ್ಗಿದ್ದು ನೀವು," ಎಂದೆ. "ಮೊದಲ ಸಾಲಿಗೆ. ಯಾರೂ ಕಾಲಿಡಬಾರದ ಜಾಗಕ್ಕೆ."

"ಅದು ನನಗೆ ಹೇಗೆ ಗೊತ್ತಾಗ್ಬೇಕು? ಕಂಬದಿಂದ ಇಳಿದೆ, ಸುತ್ತ ಹೆಂಗಸ್ರು. ರಸ್ತೆ ದಾಟೋಕೆ ಎಲ್ಲೂ ಸಂದಿ ಇಲ್ಲ. ಒಂದೇ ಕಡೆ ಜಾಗ ಕಾಣಿಸ್ತು, ಕಾಲಿಟ್ಟೆ. ದಾಟಿ ಹೋಗ್ತಾನೂ ಇದ್ದೆ, ಅಷ್ಟರಲ್ಲಿ ನೀವು ಹಿಡ್ಕೊಂಡ್ರಿ. ಬಾಯಿ ಬಿಟ್ಟು ಯಾರಾದ್ರೂ ಬೈದಿದ್ರೆ ಓಡಿಹೋಗ್ತಿದ್ದೆ. ಒಬ್ರೂ ಮಾತಾಡ್ಲಿಲ್ವಲ್ಲ!"

ಅದು ನಿಜ. ವರ್ಷಕ್ಕೊಮ್ಮೆ ಹೆಂಗಸರೆಲ್ಲ ಸೇರಿ ನಡೆಯುವ ನಮ್ಮ ನಡಿಗೆಯಲ್ಲಿ ಮಾತಿಲ್ಲ. ಗೇಟಿನಿಂದ ಗೇಟಿನವರೆಗೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಇವನು ಬಂದು ಸೇರಿಕೊಂಡಾಗ ನೂರಾರು ಹೆಂಗಸರು ಕಣ್ಣಿನಲ್ಲೇ ಇವನನ್ನು ಸುಟ್ಟಿದ್ದೆವು, ಅಷ್ಟೇ.

"ಯಾವ ಕೈ?" ಎಂದು ಕೇಳಿದೆ.

"ಎಡಗೈ."

"ನಾನು ನಿಮ್ಮ ಬಲಗಡೆ ಇದ್ದೆ. ಅದೂ ಮಾರುದೂರ ಸರಿದು, ಸಿಟ್ಟಿಗೆ ಕೈ ಕಟ್ಟಿಕೊಂಡು ನಡೀತಿದ್ದೆ. ಎಷ್ಟು ಜನ ನೋಡಿದಾರೆ ಬೇಕಾದ್ರೆ ಕೇಳಿ."

"ಹಾಗಾದ್ರೆ ಎಡಗಡೆ ಇದ್ದ ಆ ಎತ್ತರದವ್ರಾ?"

"ಅವರ ಎರಡೂ ಕೈಯಲ್ಲಿ ಊರುಗೋಲಿತ್ತು."

ಅವನು ಮೆತ್ತಗೆ ನಕ್ಕ. ನಾನು ನಾಚಿಕೊಂಡು ಸುಳ್ಳು ಹೇಳುತ್ತಿದ್ದೇನೆ ಎಂಬ ನಗು ಅದು. ನನಗೆ ಮೈಯೆಲ್ಲ ಉರಿಯಿತು. ಕೌಂಟರಿನ ಮೇಲಿಂದ ಕೈ ಚಾಚಿದೆ. "ಹಿಡಿದು ನೋಡಿ. ಇದೇ ಕೈನಾ?"

ಅವನು ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹಕ್ಕಿ ಮೊಟ್ಟೆ ಎತ್ತುವಷ್ಟು ಹುಷಾರಾಗಿ ನನ್ನ ಕೈ ಹಿಡಿದ. ನಗು ಇಳಿಯಿತು.

"ಅಲ್ಲ. ಇದು ಒರಟು."

"ಥ್ಯಾಂಕ್ಸ್."

"ಅಯ್ಯೋ, ಹಾಗಲ್ಲ. ಇದು ಒಣಗಿದೆ, ಬೆಚ್ಚಗಿದೆ. ಅದು ತಣ್ಣಗಿತ್ತು, ಒದ್ದೆ ಒದ್ದೆ. ಬೆರಳ ತುದಿಯೆಲ್ಲ ನೆರಿಗೆ ಬಿದ್ದಿತ್ತು, ತುಂಬ ಹೊತ್ತು ನೀರಲ್ಲಿ ನೆಂದ ಹಾಗೆ. ನೋಡಿ, ತೇವ ಇನ್ನೂ ಹೋಗಿಲ್ಲ. ಎಷ್ಟು ಒರೆಸಿದ್ರೂ ಮತ್ತೆ ಬರುತ್ತೆ."

ಅವನು ಚಾಚಿದ ಎಡ ಅಂಗೈಯಲ್ಲಿ ಸಣ್ಣ ಸಣ್ಣ ಹನಿಗಳಿದ್ದವು. ಬಗ್ಗಿ ಮೂಸಿದೆ. ಹಳದಿ ಬಾರ್ ಸೋಪಿನ ವಾಸನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಿಂದೆ ಬಳಸುತ್ತಿದ್ದ ಸೋಪು ಅದು. ಅದನ್ನು ಮಾಡುವ ಕಾರ್ಖಾನೆ ನಾನು ಶಾಲೆಗೆ ಹೋಗುವಾಗಲೇ ಮುಚ್ಚಿಹೋಗಿದೆ.

"ಅಂಗಡಿಯಿಂದ ಹೊರಗೆ ನಡೀರಿ," ಎಂದೆ.

*

ಅಕ್ಕ ಆ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸಂಜೆ ಮನೆಗೆ ಬಂದಾಗ ಅವಳ ಬೆರಳುಗಳು ನೆಂದು ಬೆಳ್ಳಗಾಗಿರುತ್ತಿದ್ದವು. ಅದೇ ಬೆರಳಿನಿಂದ ನನ್ನ ಕೆನ್ನೆ ಹಿಂಡಿ "ಏನೇ ಮೊಂಡಿ" ಅನ್ನುತ್ತಿದ್ದಳು. ನಾನು ಕಿರುಚುತ್ತಿದ್ದೆ. ಕಿರುಚಲಿ ಎಂದೇ ಹಿಂಡುತ್ತಿದ್ದಳು.

ಮದುವೆಗೆ ಒಲ್ಲೆ ಎಂದಿದ್ದಕ್ಕೆ ಒಬ್ಬ ಅವಳ ಬೆನ್ನು ಹತ್ತಿದ್ದ. ಅಕ್ಕ ಸೂಪರ್‌ವೈಸರನಿಗೆ ಹೇಳಿದಳು, ಠಾಣೆಗೆ ಹೋಗಿ ಹೇಳಿದಳು. ಠಾಣೆಯಲ್ಲಿ ನಕ್ಕರಂತೆ: "ಲಕ್ಷಣವಾಗಿದೀಯ ಕಣಮ್ಮ, ಹಿಂದೆ ಬರ್ದೆ ಇರ್ತಾರಾ?" ಹಾಗಾಗಿ ದಿನವೂ ಸಂಜೆ ಅವಳ ಜೊತೆ ಕೆಲಸ ಮಾಡುವ ಇಬ್ಬರು ಗೆಳತಿಯರು ಅವಳನ್ನು ನಡುವೆ ಹಾಕಿಕೊಂಡು ನಮ್ಮ ಮನೆ ಗೇಟಿನವರೆಗೆ ತಂದು ಬಿಡುತ್ತಿದ್ದರು. ಒಬ್ಬಳು ಬಿದಿರಿನಷ್ಟು ಎತ್ತರ, ಇನ್ನೊಬ್ಬಳು ಅವಳ ಮೊಣಕೈಗೆ ಬರುತ್ತಿದ್ದಳು. ನನ್ನ ಬಾಯಲ್ಲಿ ಅವರು ಉದ್ದಕ್ಕ, ಕುಳ್ಳಕ್ಕ ಆದರು, ಆಮೇಲೆ ಊರಿಗೇ ಹಾಗಾದರು.

ಒಂದು ದಿನ ಇಬ್ಬರಿಗೂ ಓವರ್‌ಟೈಮ್ ಬಿತ್ತು. "ಬೆಳಕಿರೋವಾಗ್ಲೇ ಹೊರಟುಬಿಡು," ಎಂದು ಉದ್ದಕ್ಕ ಹೇಳಿದಳು. ಅಕ್ಕ ಒಬ್ಬಳೇ ಹೊರಟಳು. ಗೋದಾಮುಗಳ ನಡುವಿನ ಓಣಿಯಲ್ಲಿ ದೀಪ ಕೆಟ್ಟಿತ್ತು. ಅವನು ಅಲ್ಲಿ ಕಾದಿದ್ದ. ಅವನಿಗೆ ಶಿಕ್ಷೆಯಾಯಿತು, ಜೈಲಿನಲ್ಲೇ ಸತ್ತ. ಅದರಿಂದ ಅಕ್ಕನೇನೂ ಗೇಟು ತೆಗೆದು ಒಳಗೆ ಬರಲಿಲ್ಲ.

ಮುಂದಿನ ವರ್ಷ ಅದೇ ದಿನ, ಲಾಂಡ್ರಿ ಬಿಡುವ ಹೊತ್ತಿಗೆ, ಅಮ್ಮ ಗೇಟಿನ ಮುಂದೆ ಹೋಗಿ ನಿಂತಳು. ಉದ್ದಕ್ಕ, ಕುಳ್ಳಕ್ಕ, ಇನ್ನೂ ಕೆಲವರು ಒದ್ದೆ ಏಪ್ರನ್‌ನಲ್ಲೇ ಬಂದು ಸೇರಿಕೊಂಡರು. ಬ್ಯಾನರ್ ಇಲ್ಲ, ಪರ್ಮಿಶನ್ ಇಲ್ಲ, ಘೋಷಣೆ ಇಲ್ಲ. ಅಮ್ಮ ಒಂದೇ ಮಾತು ಹೇಳಿದ್ದಳಂತೆ: "ಅವಳು ಬಾಯಿ ಬಿಟ್ಟು ಹೇಳಿದ್ಲು, ಯಾರೂ ಕಿವಿ ಕೊಡ್ಲಿಲ್ಲ. ಈಗ ನಾವು ಬಾಯಿ ಮುಚ್ಕೊಂಡು ನಡೀತೀವಿ. ಕಣ್ಣಿದ್ದೋರು ನೋಡ್ಲಿ."

ಕೂಗಿದ್ದರೆ ಜನ ಜಗಳ ಎಂದು ನೋಡಲು ಬರುತ್ತಿದ್ದರೇನೋ. ಹೆಂಗಸರು ಸುಮ್ಮನೆ, ಬರೀ ಚಪ್ಪಲಿ ಸದ್ದು ಮಾಡುತ್ತ ಹೋಗುವುದನ್ನು ಕಂಡು ಹೆದರಿ ಕಿಟಕಿ ಮುಚ್ಚಿಕೊಂಡರು. ಮೇಲಿಂದ ಯಾರೋ ಬಕೆಟ್ಟು ನೀರು ಸುರಿದರು. ಲಾಂಡ್ರಿಯವರಿಗೆ ನೀರಿನ ಭಯವೇ? ನೆನೆದುಕೊಂಡೇ ನಡೆದರು. ಮರುವರ್ಷ ಬೇರೆ ಬೀದಿಯವರು ಬಂದರು. ಮನೆಯಲ್ಲೇ ಏಟು ತಿನ್ನುತ್ತಿದ್ದವರು, ಮಗಳನ್ನು ಕಳೆದುಕೊಂಡವರು, ದೂರು ಕೊಟ್ಟು ನಗೆಪಾಟಲಾಗಿ ಬಂದವರು. ಒಂದು ವರ್ಷ ಪೊಲೀಸರು ಅಡ್ಡ ನಿಂತರು. ಯಾವ ಕಾನೂನಿನಲ್ಲಿ ತಡೆಯುವುದು, ಮನೆಗೆ ನಡೆದು ಹೋಗುವುದು ಅಪರಾಧವೇ ಎಂದು ಅವರಿಗೂ ತಿಳಿಯದೆ ಪಕ್ಕಕ್ಕೆ ಸರಿದರು. ಆಮೇಲೆ ಕಾಲೇಜಿನವರು, ನರ್ಸುಗಳು, ಪೇಪರಿನವರು. ಬೇರೆ ಊರುಗಳಲ್ಲೂ ನಡಿಗೆ ಶುರುವಾಯಿತು. ಠಾಣೆಗೆ ಹೆಣ್ಣು ಪೊಲೀಸರು ಬಂದರು, ಲಾಂಡ್ರಿಗೆ ವ್ಯಾನು ಬಂತು, ಓಣಿಗೆ ದೀಪ ಬಂತು. ಓಣಿಯ ದೀಪ ಮಾತ್ರ ಹಾಕಿದಷ್ಟು ಸಲವೂ ಕೆಡುತ್ತಿತ್ತು.

ಆ ಜಾಗ ಬಿಡಬೇಕೆಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ದಿನವೂ ನಡೆಯುತ್ತಿದ್ದ ಹಾಗೆ ಉದ್ದಕ್ಕ ಈ ಕಡೆ, ಕುಳ್ಳಕ್ಕ ಆ ಕಡೆ ನಿಂತರು, ನಡುವೆ ಅಕ್ಕನಷ್ಟು ಅಗಲ ತಾನಾಗಿ ಉಳಿಯಿತು. ವರ್ಷ ಕಳೆದಂತೆ ಅದು ದೊಡ್ಡ ನಿಯಮವಾಯಿತು. ಒಮ್ಮೆ ಒಬ್ಬ ದೊಡ್ಡ ಮನುಷ್ಯ ಫೋಟೋಕ್ಕೆಂದು ಅಲ್ಲಿ ನಿಲ್ಲಲು ಬಂದ. ಉದ್ದಕ್ಕ ಮೇಲಿಂದ ಬಗ್ಗಿ ಅವನ ಮುಖ ನೋಡಿದ ರೀತಿಗೆ, ಪಾಪ, ಕೊನೆಯ ಸಾಲಿಗೆ ಹೋಗಿ ನಿಂತ. ಕುಳ್ಳಕ್ಕ ಮಗನ ಊರಿಗೆ ಹೋದ ಮೇಲೆ ಅವಳ ಜಾಗ ನನ್ನದು. ವರ್ಷವರ್ಷವೂ ಖಾಲಿ ಜಾಗದ ಪಕ್ಕ, ಕೈ ಸಡಿಲ ಬಿಟ್ಟು ನಡೆಯುತ್ತಿದ್ದೆ. ಒಂದೇ ಒಂದು ಸಲ ಅಕ್ಕ ಹಿಡಿಯಲಿ ಎಂದು. ಇಷ್ಟು ದೊಡ್ಡವಳಾದರೂ ನನಗೆ ಬೇಕಾಗಿದ್ದದ್ದು ಅಷ್ಟೇ, ಅದೊಂದು ಬಿಟ್ಟು ಬೇರೇನೂ ಅಲ್ಲ.

ಹಾಗಾಗಿ ಅವನು ಹೋದ ಮೇಲೆ ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ. ಹೊಟ್ಟೆಕಿಚ್ಚು.

*

ಎರಡು ದಿನ ಬಿಟ್ಟು ಒಂದು ಬೂಟು ಹಿಡಿದುಕೊಂಡು ಬಂದ.

"ಇದಕ್ಕೇನಾಗಿದೆ?"

"ಸೋಲ್ ಸವೆದಿದೆ."

"ಸವೆದಿಲ್ಲ."

"ಮುಂದೆ ಸವೆಯುತ್ತಲ್ಲ."

ನಗಬಾರದೆಂದು ದಬ್ಬಳಕ್ಕೆ ದಾರ ಪೋಣಿಸತೊಡಗಿದೆ. ದಾರ ಸೂಜಿಯ ಕಣ್ಣು ಬಿಟ್ಟು ಎಲ್ಲೆಲ್ಲೋ ಹೋಯಿತು. ಅವನು ನೋಡುತ್ತಿದ್ದ. ನೋಡುತ್ತಿದ್ದಾನೆ ಎಂದು ನನಗೆ ಗೊತ್ತು ಎಂಬುದು ಅವನಿಗೂ ಗೊತ್ತಿತ್ತು.

"ಕೈ?" ಎಂದೆ.

"ಇನ್ನೂ ಒದ್ದೆ."

ಅಷ್ಟು ಸಾಕಾಯಿತು. ಸ್ಟೂಲು ಎಳೆದು ಕೂರಿಸಿ, ಇನ್ಸ್‌ಪೆಕ್ಟರ್ ಥರ ಕೇಳಿದೆ. ಬಿಗಿಯಾಗಿ ಹಿಡಿದಿದ್ದಳಾ, ಸಡಿಲವಾಗಾ? ಎಳೆಯುತ್ತಿದ್ದಳಾ? ಓಣಿಯ ಹತ್ತಿರ ಏನು ಮಾಡಿದಳು? ಅವನು ಬಾಯಲ್ಲಿ ಹೇಳಲಾಗದೆ ನನ್ನ ಕೈ ತೆಗೆದುಕೊಂಡು ತೋರಿಸುತ್ತಿದ್ದ. "ಹೀಗೆ. ಅಲ್ಲ, ಸ್ವಲ್ಪ ತಾಳಿ, ಹೀಗೆ. ಓಣಿ ಬಂದಾಗ ಹೀಗೆ, ಮುರಿದೇಹೋಗೋ ಅಷ್ಟು." ತೋರಿಸಿ ಮುಗಿದ ಮೇಲೂ ಕೈ ಅಲ್ಲೇ ಇರುತ್ತಿತ್ತು. ಅವನು ಮಾಡುತ್ತಿದ್ದುದು ನನಗೆ ತಿಳಿಯದ್ದೇನಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ದಿನವೂ ಮಧ್ಯಾಹ್ನ ಬರತೊಡಗಿದ. ರಿಪೇರಿ ಬೇಡದ ಬೂಟು, ಬಕಲ್ ಕಿತ್ತುಕೊಂಡು ತಂದ ಬೆಲ್ಟು, ಒಮ್ಮೆ ಬರೀ ಒಂದು ಲೇಸು. "ಇದು ಗಂಟಾಗಿದೆ, ಬಿಡಿಸೋಕೆ ಆಗ್ತಿಲ್ಲ." ಟೀ ಕುಡಿಯುವಾಗ ಕಪ್ಪಿನ ಅಂಚಿನ ಮೇಲಿಂದ ನನ್ನ ಹಣೆಯ ಮೇಲೆ ಬಿದ್ದ ಕೂದಲನ್ನೇ ನೋಡುತ್ತಿದ್ದ, ನಾನು ನೋಡಿದರೆ ತಟ್ಟನೆ ಗೋಡೆಯ ಮೇಲಿನ, ಬೂಟು ಹೊಲಿಯಲು ಬಳಸುವ ಮರದ ಪಾದದಚ್ಚುಗಳನ್ನು ಎಣಿಸುವವನ ಹಾಗೆ ಮುಖ ತಿರುಗಿಸುತ್ತಿದ್ದ. ನೀವು ಹೋಗಿ ನೀನು ಯಾವಾಗ ಆಯಿತೋ ಇಬ್ಬರಿಗೂ ನೆನಪಿಲ್ಲ.

"ಹೆದರಿಕೆ ಆಗಲ್ವಾ ನಿನಗೆ?" ಎಂದು ಒಮ್ಮೆ ಕೇಳಿದೆ.

"ಆಗುತ್ತೆ. ಆದ್ರೆ ಆ ಕೈ ಹೆದರಿಸೋ ಕೈ ಅಲ್ಲ ಕಣೇ. ಹೆದರಿರೋ ಕೈ."

ಅವನು ನನಗೆ ಇಷ್ಟವಾದದ್ದು ಆ ಮಾತಿಗೆ.

ಒಂದು ಮಧ್ಯಾಹ್ನ ಓಣಿಗೆ ಕರೆದುಕೊಂಡು ಹೋಗಿ ಕಂಬ ತೋರಿಸಿದ. ಬುಡದಲ್ಲಿರುವ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ನೀರು ನಿಂತಿತ್ತು. ವಾರಗಟ್ಟಲೆ ಬಿಸಿಲು, ನೆಲ ಬಿರುಕು ಬಿಟ್ಟಿತ್ತು, ಹತ್ತಿರದಲ್ಲಿ ನಲ್ಲಿ ಕೂಡ ಇಲ್ಲ. "ದಿನಾ ಒರೆಸ್ತೀನಿ, ದಿನಾ ತುಂಬುತ್ತೆ. ಹಿಂದಿನೋರೆಲ್ಲ ಬಲ್ಬ್ ಬದಲಾಯಿಸಿ ಹೋಗಿದಾರೆ, ಯಾರೂ ಕೆಳಗೆ ನೋಡಿಲ್ಲ." ನೀರಿನ ಮೇಲೆ ತೆಳ್ಳಗೆ ನೊರೆ ಇತ್ತು. ನಾವು ನೋಡುತ್ತಿದ್ದಂತೆ ಒಂದು ಗುಳ್ಳೆ ನಿಧಾನಕ್ಕೆ ದೊಡ್ಡದಾಗಿ ಒಡೆಯಿತು. ಆ ಸಲ ಅವನ ಕೈ ಹಿಡಿದದ್ದು ನಾನೇ.

*

ಅಮ್ಮನಿಗೆ ಸುದ್ದಿ ತಲುಪದೇ ಇರುತ್ತದೆಯೇ? ಕರೆದುಕೊಂಡು ಬಾ ಎಂದಳು. ಬಂದ. ಅಮ್ಮನಿಗೆ ಈಗ ಕಾಲಲ್ಲಿ ಬಲವಿಲ್ಲ, ನಡಿಗೆಗೆ ಬರುವುದಿಲ್ಲ, ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕಾಯುತ್ತಾಳೆ. ಅವನ ಎಡಗೈಯನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಕೈ ಒದ್ದೆಯಾಗಿತ್ತು. ಅಮ್ಮನ ಕೆನ್ನೆಯೂ ಒದ್ದೆಯಾಯಿತು.

"ಗೇಟಿನ ತನಕ ಬಂದು ಬಿಟ್ಟುಹೋದ್ಲಾ ಮಗಾ?"

"ಹೌದಮ್ಮ. ಗೇಟಲ್ಲಿ ನಾನು ನಿಂತೆ. ಅವಳೂ ನಿಂತಳು. ಆಮೇಲೆ ಇರ್ಲಿಲ್ಲ."

"ಒಳಗೆ ಬರ್ಲಿಲ್ಲ," ಎಂದಳು ಅಮ್ಮ, ತನಗೆ ತಾನೇ. "ಬರೋ ವರ್ಷವೂ ಅಲ್ಲೇ ನಡಿಯಪ್ಪ. ನೀನು ನಡೆದ್ರೆ ಬರ್ತಾಳೆ."

ಅಲ್ಲೇ ಕೂತಿದ್ದ ಉದ್ದಕ್ಕ ಊರುಗೋಲು ಕುಟ್ಟಿದಳು. "ಆ ಜಾಗಕ್ಕೆ ಗಂಡಸಾ? ನಾನು ಬದುಕಿರೋವರೆಗೆ ಆಗಲ್ಲ."

ಅಂದಿನಿಂದ ಅವನು ಬರುವ ಸದ್ದಿಗೆ ಅಮ್ಮ ಎದ್ದು ಕೂರುವುದು, ಎರಡು ತುತ್ತು ಹೆಚ್ಚು ಉಣ್ಣುವುದು ಶುರುವಾಯಿತು. ನಾನು ಖುಷಿಪಟ್ಟೆ.

ಮರುವರ್ಷದ ನಡಿಗೆಗೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ಒಂದು ಮಧ್ಯಾಹ್ನ ಬಂದವನು ಸ್ಟೂಲಿನ ಮೇಲೆ ಕೂರಲಿಲ್ಲ.

"ಒಂದು ಮಾತು ಹೇಳ್ಬೇಕು. ಮೊದಲು ಆ ಸುತ್ತಿಗೆ ಕೆಳಗಿಡು."

"ಹೇಳು."

"ಕೈ ಒಣಗಿ ಬಹಳ ದಿನ ಆಯ್ತು."

ನಾನು ಸುತ್ತಿಗೆ ಕೆಳಗಿಟ್ಟಿರಲಿಲ್ಲ. "ಎಷ್ಟು ದಿನ?"

"ಮೊದಲ ವಾರದಲ್ಲೇ. ಒಣಗಿದೆ ಅಂದ್ರೆ ನೀನು ಮತ್ತೆ ಮಾತಾಡಿಸ್ತೀಯೋ ಇಲ್ವೋ ಅಂತ..."

"ಅಮ್ಮ ಕೆನ್ನೆಗೆ ಒತ್ಕೊಂಡಾಗ?"

ಅವನು ನೆಲ ನೋಡಿದ. "ನಿಮ್ಮ ಬೀದಿ ನಲ್ಲೀಲಿ ನೆನೆಸ್ಕೊಂಡು ಬಂದಿದ್ದೆ."

ನಮ್ಮ ಅಕ್ಕ ಬಾಯಿ ಬಿಟ್ಟು ಹೇಳಿದ ನಿಜವನ್ನು ಯಾರೂ ನಂಬಲಿಲ್ಲ. ನಾನು ಈ ಮನುಷ್ಯನ ಸುಳ್ಳನ್ನು ಟೀ ಕೊಟ್ಟು, ಸ್ಟೂಲು ಹಾಕಿ ನಂಬಿದ್ದೆ. ಅವನ ಬೂಟು, ಬೆಲ್ಟು, ಲೇಸು ಎಲ್ಲವನ್ನೂ ಬಾಗಿಲಾಚೆ ಎಸೆದೆ.

"ಅಮ್ಮನಿಗೆ ನೀನೇ ಹೋಗಿ ಹೇಳು. ಆಮೇಲೆ ಈ ಕಡೆ ತಲೆ ಹಾಕಬೇಡ. ಮೊದಲ ದಿನದ್ದೂ ಸುಳ್ಳೇ ಇರ್ಬೇಕು. ಒಡಹುಟ್ಟಿದವಳು ನಾನು, ನನ್ನ ಕೈ ಹಿಡಿಯದವಳು ನಿನ್ನ ಕೈ ಯಾಕೆ ಹಿಡೀತಾಳೆ?"

ಅವನು ಬೂಟು ಆರಿಸಿಕೊಂಡು ಎದ್ದ. ಹೋಗುವವನು ಬಾಗಿಲಲ್ಲಿ ನಿಂತ.

"ಯಾಕೆ ಅಂತ ನನಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ನಾನು ತಿಳೀದೆ ಅವಳ ಪಕ್ಕ ಹೋದೆ. ನೀವೆಲ್ಲ ತಿಳಿದೂ ತಿಳಿದೂ ಅವಳನ್ನ ಒಬ್ಬಳೇ ನಡೆಸ್ತೀರಿ."

ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅವನು ಅಮ್ಮನಿಗೆ ಹೇಳಿದ. ಸಂಜೆ ನಾನು ಮನೆಗೆ ಹೋದಾಗ ಅಮ್ಮ ಅತ್ತಿರಲೂ ಇಲ್ಲ, ಸಿಟ್ಟಾಗಿರಲೂ ಇಲ್ಲ. "ನಲ್ಲಿ ನೀರು ಯಾವುದು, ನನ್ನ ಮಗಳ ಕೈ ಯಾವುದು ಅಂತ ನನಗೆ ತಿಳಿಯಲ್ವೇನೇ?" ಎಂದಳು. "ಆವತ್ತೇ ಗೊತ್ತಾಯ್ತು. ಯಾರಾದ್ರೂ ಅವಳ ಮಾತಾಡ್ತಾ ನಮ್ಮನೇಲಿ ಕೂತಿರ್ಲಿ ಅಂತ ಸುಮ್ಮನಿದ್ದೆ."

*

ನಡಿಗೆಯ ದಿನ ಮುಸ್ಸಂಜೆ. ಲಾಂಡ್ರಿ ಗೇಟಿನ ಮುಂದೆ ರಸ್ತೆ ತುಂಬ ಜನ. ಹೊಸ ಹುಡುಗಿಯರು, ಹಳೆಯ ಮುಖಗಳು, ಎದೆಗೆ ಒತ್ತಿಹಿಡಿದ, ಮನೆ ಸೇರದೆ ಹೋದವರ ಫೋಟೋಗಳು. ವರ್ಷಕ್ಕೊಂದಿಷ್ಟು ಹೊಸ ಫೋಟೋಗಳು ಸೇರುತ್ತವೆ. ಅವುಗಳಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಸೈರನ್ ಆಯಿತು, ಮಾತು ನಿಂತಿತು. ಚಪ್ಪಲಿಗಳ ಸದ್ದು ಮಾತ್ರ ಉಳಿಯಿತು. ಅರ್ಧಕ್ಕರ್ಧ ನಾನೇ ಹೊಲಿದ ಚಪ್ಪಲಿಗಳು, ಯಾರ ನಡಿಗೆ ಯಾವುದೆಂದು ನೋಡದೆಯೇ ಹೇಳಬಲ್ಲೆ.

ಎಡಕ್ಕೆ ಖಾಲಿ ಜಾಗ. ಅದರಾಚೆ ಉದ್ದಕ್ಕ. ಅವನು ಹೇಳಿದ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಕೂತಿತ್ತು. ಕೈ ಸಡಿಲ ಬಿಟ್ಟುಕೊಂಡು, ಅವಳೇ ಬಂದು ಹಿಡಿಯಲಿ ಎಂದು ಕಾದೆನಲ್ಲ ಇಷ್ಟು ವರ್ಷ. ಒಂದು ಸಲವಾದರೂ ಚಾಚಿದ್ದೆನೇ?

ಚಾಚಿದೆ. ಯಾರೂ ಕಾಲಿಡಬಾರದ ಆ ಜಾಗದೊಳಗೆ ಕೈ ಇಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು.

ಏನೂ ಇರಲಿಲ್ಲ. ಬರೀ ಗಾಳಿ. ಬೆರಳು ಅಗಲಿಸಿಕೊಂಡು ಮೂರ್ಖಳ ಹಾಗೆ ನಡೆದೆ. ಉದ್ದಕ್ಕ ತಿರುಗಿ ನೋಡಿದಳು. ಅವಳ ಮುಖದಲ್ಲಿ ಕೋಪ ಬಂತು, ಹೋಯಿತು. ಒಂದು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತನ್ನ ಮುದಿ ಕೈಯನ್ನು ಅವಳೂ ಆ ಜಾಗಕ್ಕೆ ಚಾಚಿದಳು.

ಬೇಕರಿ ತಿರುವಿನಲ್ಲಿ ನನ್ನ ಬೆರಳು ಒದ್ದೆಯಾಯಿತು.

ಮೊದಲು ತುದಿ. ಆಮೇಲೆ ಇಡೀ ಅಂಗೈ. ತಣ್ಣನೆಯ, ನೆರಿಗೆಬಿದ್ದ ಬೆರಳುಗಳು ಒಂದೊಂದಾಗಿ ನನ್ನ ಬೆರಳಿನ ಸಂದಿಗೆ ಬಂದು ಕೂತವು. ನೋಡುವ ಧೈರ್ಯವಾಗಲಿಲ್ಲ. ನೋಡಿದರೆ ಇರುವುದಿಲ್ಲ ಎಂದು ಹೇಗೋ ಗೊತ್ತಿತ್ತು. ಕಣ್ಣೀರು ಕೆನ್ನೆಯಿಂದ ಕತ್ತಿಗಿಳಿಯಿತು, ಒರೆಸಿಕೊಳ್ಳಲಿಲ್ಲ. ಉದ್ದಕ್ಕನ ಕುಂಟು ಹೆಜ್ಜೆ ನೆಟ್ಟಗಾಗಿತ್ತು, ಯಾರೋ ಆನಿಸಿಕೊಂಡು ನಡೆಸುವ ಹಾಗೆ.

ಓಣಿಯ ಬಾಯಲ್ಲಿ ಕೈ ನಿಂತಿತು. ನಾನು ಎಳೆದೆ, ಬರಲಿಲ್ಲ. ನನ್ನ ಎಲುಬು ಲಟಕ್ಕೆನ್ನುವಷ್ಟು ಹಿಡಿತ. ನಾವು ನಿಂತೆವು, ನಮ್ಮ ಹಿಂದೆ ಇಡೀ ನಡಿಗೆ ನಿಂತಿತು. ಒಳಗೆ ಕಂಬದ ದೀಪ ಒಮ್ಮೆ ಮಿನುಗಿ ಆರಿಹೋಯಿತು. ಎಲ್ಲಿಂದಲೋ ಟಪ್, ಟಪ್ ಎಂದು ನೀರು ತೊಟ್ಟಿಕ್ಕುವ ಸದ್ದು.

ಆಗ ಉದ್ದಕ್ಕ ಮಾತಾಡಿದಳು. ನಡಿಗೆ ಶುರುವಾದಾಗಿನಿಂದ ಅದರೊಳಗೆ ಯಾರಾದರೂ ಆಡಿದ ಮೊದಲ ಮಾತು ಅದು. ತುಂಬ ಮೆಲ್ಲಗೆ ಆಡಿದಳು.

"ಇವತ್ತು ಓವರ್‌ಟೈಮ್ ಇಲ್ಲ ಕಣೇ. ನಾನಿದೀನಿ. ಬಾ, ಹೋಗೋಣ."

ಕತ್ತಲಲ್ಲಿ ಏಣಿಯೊಂದು ಕಿರುಗುಟ್ಟಿತು. ಯಾರೋ ಕಂಬದ ಬುಡದಲ್ಲಿ ಪೆಟ್ಟಿಗೆ ತೆರೆದು ಗಡಿಬಿಡಿಯಲ್ಲಿ ಒರೆಸುತ್ತಿದ್ದ. ದೀಪ ಹತ್ತಿತು. ಅವನು ಗೋಡೆಗೆ ಅಂಟಿಕೊಂಡು, ಬಟ್ಟೆ ಹಿಡಿದ ಕೈಯನ್ನು ಎದೆಗಿಟ್ಟುಕೊಂಡು ನಿಂತಿದ್ದ. ನನ್ನ ಮುಖ ನೋಡಲಿಲ್ಲ. ನನ್ನ ಎಡಗೈಯನ್ನು, ಅದು ಗಾಳಿಯಲ್ಲಿ ಏನನ್ನು ಹಿಡಿದಿದೆಯೋ ಅದನ್ನು ನೋಡಿದ. ನೋಡಿ, ದೊಡ್ಡವರಿಗೆ ದಾರಿ ಬಿಡುವ ಹಾಗೆ ತಲೆ ಬಗ್ಗಿಸಿದ.

ಕೈ ಹೆಜ್ಜೆ ಹಾಕಿತು.

ಹಸಿರು ಗೇಟಿನಲ್ಲಿ ಅಮ್ಮ ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ನಮ್ಮ ಕೈಗಳನ್ನು ನೋಡಿದಳು. ಗೇಟಿನ ಎರಡೂ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ನನ್ನ ಕೆನ್ನೆಯನ್ನು ಎರಡು ಒದ್ದೆ ಬೆರಳು ಗಟ್ಟಿಯಾಗಿ ಹಿಂಡಿದವು. ನಾನು ಕಿರುಚಿಬಿಟ್ಟೆ. ಅಷ್ಟರಲ್ಲಿ ಕೈ ಖಾಲಿಯಾಗಿತ್ತು.

ಅಂಗಳದ ಒಣ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು ಒಂದರ ಮುಂದೊಂದು ಮೂಡುತ್ತ ಒಳಗೆ ಹೋದವು. "ಎಷ್ಟು ತಡ ಮಾಡ್ಬಿಟ್ಟೆ," ಎಂದು ಬೈಯುತ್ತ ಅಮ್ಮ ಅವುಗಳ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡಳು.

*

ಜನ ಚದುರಿದ ಮೇಲೆ ಅವನು ಏಣಿ ಹೊತ್ತುಕೊಂಡು ಬಂದ. ನಾನು ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ದೂರದಲ್ಲೇ ನಿಂತ.

"ಈ ಕಡೆ ತಲೆ ಹಾಕಬೇಡ ಅಂದಿದ್ದೆ ನೀನು," ಎಂದ. "ಗೊತ್ತು. ಕಂಬದ ಪೆಟ್ಟಿಗೆ ಒಣಗಿದೆ, ಈಗ ನೀರು ತುಂಬ್ತಾ ಇಲ್ಲ. ಅಷ್ಟು ಹೇಳಿ ಹೋಗೋಣ ಅಂತ."

"ಕೆನ್ನೆ ನೋಡು."

ಹತ್ತಿರ ಬಂದು ಬಗ್ಗಿ ನೋಡಿದ. ಕೆಂಪಗೆ ಎರಡು ಬೆರಳಿನ ಗುರುತು ಇದ್ದಿರಬೇಕು. ಅವನ ಕಣ್ಣು ತುಂಬಿತು. ಮುಟ್ಟಲು ಕೈ ಎತ್ತಿ, ಅರ್ಧದಲ್ಲೇ ನಿಲ್ಲಿಸಿದ.

"ಮೊದಲ ದಿನ ನೀನು ಹೇಳಿದ್ದು ನಿಜ," ಎಂದೆ. "ಆಮೇಲಿನದೆಲ್ಲ ಸುಳ್ಳು."

"ಎಲ್ಲಾ ಅಲ್ಲ. ಕೈ ಒದ್ದೆ ಅಂದಿದ್ದು ಸುಳ್ಳು. ದಿನಾ ನಿನ್ನ ನೋಡ್ಬೇಕು ಅನ್ನಿಸ್ತಿದ್ದಿದ್ದು ಸುಳ್ಳಲ್ಲ."

"ಇನ್ನೊಂದು ಸಲ ಸುಳ್ಳು ಹೇಳಿದ್ರೆ?"

"ಸುತ್ತಿಗೆ ನಿನ್ನ ಹತ್ರಾನೇ ಇದೆಯಲ್ಲ."

ನಕ್ಕೆ. ಅತ್ತು ಅತ್ತು ಊದಿದ ಮುಖದಲ್ಲಿ ನಕ್ಕರೆ ಹೇಗೆ ಕಾಣುತ್ತೇನೋ ಏನೋ, ಅವನು ಮಾತ್ರ ಹಬ್ಬ ಕಂಡವನ ಹಾಗೆ ನೋಡಿದ. ನಾನು ಬಲಗೈ ಚಾಚಿದೆ. ಹಿಡಿದ. ಬೆಚ್ಚಗೆ, ಒಣಗಿ, ಬೊಬ್ಬೆಯೆದ್ದ ಕೈ. ಇಷ್ಟು ದಿನ ತೋರಿಸುವ ನೆಪದಲ್ಲಿ ಹಿಡಿದವನು ಈಗ ಯಾವ ನೆಪವೂ ಇಲ್ಲದೆ ಹಿಡಿದಿದ್ದ. "ನೀನಂದ್ರೆ ನನಗೆ ಇಷ್ಟ," ಎಂದು ನಾನೇ ಹೇಳಿಬಿಟ್ಟೆ. ಅವನ ಕಿವಿ ಮೊದಲ ದಿನಕ್ಕಿಂತ ಹೆಚ್ಚು ಕೆಂಪಾಯಿತು.

ಏಣಿಯನ್ನು ಆಫೀಸಿಗೆ ಬಿಟ್ಟು ಬರೋಣ ಎಂದು ಹೊರಟೆವು. ಅವನು ಏನೇನೋ ಹೇಳುತ್ತಿದ್ದ. ನಾಳೆ ಮತ್ತೆ ಬೂಟು ತರುತ್ತೇನೆ, ಈ ಸಲ ನಿಜವಾಗಿ ಸವೆದಿದೆ, ಎಸೆದದ್ದು ಯಾರು ಅಂತ ಕೇಳಬೇಡ. ಓಣಿಯಲ್ಲಿ ದೀಪ ಚೆನ್ನಾಗಿ ಉರಿಯುತ್ತಿತ್ತು. ಅದನ್ನು ದಾಟಿ ಬೇಕರಿ ತಿರುವಿಗೆ ಬಂದಾಗ ನಾನು ನಿಂತುಬಿಟ್ಟೆ.

"ಏನಾಯ್ತು?"

ನನ್ನ ಎಡಗೈಯನ್ನು ಯಾರೋ ಹಿಡಿದಿದ್ದರು. ಅಕ್ಕ ಅಲ್ಲ. ಇದು ಸಣ್ಣ ಕೈ, ಒದ್ದೆಯಿಲ್ಲ. ಉಗುರು ಕಚ್ಚಿ ಕಚ್ಚಿ ಮೊಂಡಾದ ಬೆರಳುಗಳು. ಪುಟ್ಟ ಹುಡುಗಿಯರ ಹಾಗೆ ನನ್ನ ಎರಡು ಬೆರಳನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದು, ನಾವು ಹೋಗಬೇಕಾದ ದಾರಿ ಬಿಟ್ಟು ಬೇರೆ ಬೀದಿಯ ಕಡೆಗೆ ಮೆಲ್ಲಗೆ ಎಳೆಯುತ್ತಿತ್ತು. ಸಂಜೆ ಕಂಡ ಆ ಫೋಟೋಗಳೆಲ್ಲ ಕಣ್ಣ ಮುಂದೆ ಬಂದವು.

"ನಿನಗೆ ಬೇಗ ಹೋಗ್ಬೇಕಾ?" ಎಂದು ಕೇಳಿದೆ.

"ಇಲ್ಲ. ಯಾಕೆ?"

"ಯಾರನ್ನೋ ಮನೆಗೆ ಬಿಡಬೇಕು."

ಅವನು ನನ್ನ ಎಡಗಡೆ ನೋಡಿದ. ಅಲ್ಲಿ ಅವನಿಗೆ ಏನೂ ಕಂಡಿರಲಾರದು. ನಿಜವಾ ಎಂದು ಕೇಳಲಿಲ್ಲ, ಹೇಗೆ ಗೊತ್ತು ಎನ್ನಲಿಲ್ಲ. ಏಣಿಯನ್ನು ಗೋಡೆಗೆ ಒರಗಿಸಿದ.

"ಎಷ್ಟು ದೂರ?"

"ಗೊತ್ತಿಲ್ಲ. ಅವಳೇ ಕರ್ಕೊಂಡು ಹೋಗ್ತಾಳೆ."

"ಸರಿ, ನಡಿ," ಎಂದ.